ರೋಗದ ಕಾಲದಲ್ಲಿ ಶ್ರಾವಕನ ಭರವಸೆ

ಊರಿನಲ್ಲಿ ಒಬ್ಬರು ಹಾಸಿಗೆ ಹಿಡಿದರೆಂದು ತಿಳಿದೊಡನೆ ನೆಂಟರಿಷ್ಟರು ಬಂದು ನೋಡಿಕೊಂಡು ಹೋಗುವುದು ಲೋಕರೂಢಿ. ಒಳಗೆ ರೋಗಿಯ ತಲೆದೆಸೆಯಲ್ಲಿ ಕುಳಿತು ನಾಲ್ಕು ಸಮಾಧಾನದ ಮಾತುಗಳನ್ನಾಡಿದವರೇ ಹೊರಗೆ ಜಗಲಿಗೆ ಬಂದಾಗ, “ಏನು ಮಾಡುವುದು, ಅವರವರ ಕರ್ಮ” ಎಂದು ನಿಟ್ಟುಸಿರುಬಿಡುವುದುಂಟು. ಜೈನ ಮನೆಗಳಲ್ಲಿ ಈ ಮಾತು ಇನ್ನೂ ಸುಲಭವಾಗಿ ಬಾಯಿಗೆ ಬರುತ್ತದೆ. ಕರ್ಮಸಿದ್ಧಾಂತವನ್ನು ಎಳವೆಯಿಂದಲೇ ಕೇಳಿ ಬೆಳೆದ ಸಮಾಜವಿದು. ಆಡಿದವರ ಮನಸ್ಸಿನಲ್ಲಿ ಕೇಡಿಲ್ಲ. ಆದರೆ ಜಗಲಿಯ ಮಾತು ಒಳಮನೆಗೆ ಕೇಳಿಸುತ್ತದೆ. ಅದನ್ನು ಕೇಳಿದ ರೋಗಿಯು ಗೋಡೆಯ ಕಡೆಗೆ ಮುಖ ತಿರುಗಿಸಿ ಮಲಗುತ್ತಾನೆ. ಮನೆಯವರು ಮರುದಿನ ವೈದ್ಯರಲ್ಲಿಗೆ ಹೋಗಬೇಕೆಂದಿದ್ದವರು, ಹೋಗಿ ಆಗುವುದೇನು ಎಂದು ಸುಮ್ಮನಾಗುತ್ತಾರೆ. ಜಿನಧರ್ಮದ ಹೆಸರಿನಲ್ಲಿ ಆಡಿದ ಒಂದು ಮಾತು ಹೀಗೆ ಜಿನಧರ್ಮಕ್ಕೆ ಒಪ್ಪದ ಫಲವನ್ನು ಕೊಡುತ್ತದೆ.

ಇದೇ ಮಾತನ್ನು ಬಹು ಹಿಂದೆ ಒಬ್ಬ ರಾಜಕುಮಾರಿ ಆಡಿದ್ದಳೆಂಬುದು ಪುರಾಣಪ್ರಸಿದ್ಧ. ಆಕೆಯ ಬಾಯಲ್ಲಿ ಅದಕ್ಕಿದ್ದ ಅರ್ಥವೇ ಬೇರೆ. ಆಕೆ ಶ್ರೀಪಾಲನ ಮಡದಿಯಾದ ಮೈನಾಸುಂದರಿ. ಆ ಶ್ರೀಪಾಲನ ಕಥೆಯನ್ನು ಕನ್ನಡದಲ್ಲಿ ಕಾವ್ಯವಾಗಿ ಹಾಡಿದ ಕವಿಗಳಲ್ಲಿ ಒಬ್ಬನು ಹುಣಸೂರು ಸೀಮೆಯವನೇ ಎಂಬುದನ್ನು ಈ ಭಾಗದ ಶ್ರಾವಕರು ಮರೆಯಬಾರದು. ಡಿ. ದೇವರಾಜ ಅರಸರ ಊರೆಂದು ಇಂದು ನಾಡಿಗೆಲ್ಲ ಪರಿಚಿತವಾಗಿರುವ ಕಲ್ಲಹಳ್ಳಿಯು, ಚಂಗಾಳ್ವರ ಕಾಲದಲ್ಲಿ ಜೈನಕವಿ ಮೂರನೆಯ ಮಂಗರಸನ ಊರಾಗಿತ್ತು. 16ನೆಯ ಶತಮಾನದ ಆದಿಭಾಗದಲ್ಲಿದ್ದ ಈತನು ‘ಸಮ್ಯಕ್ತ್ವಕೌಮುದಿ’, ‘ಜಯನೃಪ ಕಾವ್ಯ’, ‘ನೇಮಿಜಿನೇಶ ಸಂಗತಿ’, ‘ಪ್ರಭಂಜನ ಚರಿತೆ’ಗಳ ಜೊತೆಗೆ ‘ಶ್ರೀಪಾಲ ಚರಿತೆ’ಯನ್ನೂ ರಚಿಸಿದನು. ಅಡುಗೆಯ ವಿಧಾನಗಳನ್ನು ತಿಳಿಸುವ ‘ಸೂಪಶಾಸ್ತ್ರ’ವೂ ಆತನದೇ. ವ್ರತದ ಮಹಿಮೆಯ ಕಾವ್ಯವನ್ನೂ ಊಟದ ಕ್ರಮದ ಗ್ರಂಥವನ್ನೂ ಒಂದೇ ಕೈ ಬರೆಯಿತೆಂಬುದು ಗಮನಿಸತಕ್ಕ ವಿಷಯ.

ಪರಂಪರೆಯಲ್ಲಿ ಬಂದಿರುವ ಕಥೆ ಹೀಗಿದೆ. ಉಜ್ಜಯಿನಿಯ ಅರಸನಿಗೆ ಇಬ್ಬರು ಹೆಣ್ಣುಮಕ್ಕಳು. ನಿಮ್ಮ ಸುಖಕ್ಕೆ ಕಾರಣರು ಯಾರೆಂದು ತಂದೆ ಕೇಳಿದಾಗ, ಎಲ್ಲವೂ ತಂದೆಯ ಕೃಪೆಯೆಂದು ಹಿರಿಯಳು ಹೇಳಿ ಮೆಚ್ಚುಗೆ ಪಡೆದಳು. ಕಿರಿಯಳಾದ ಮೈನಾಸುಂದರಿಯು ಆರ್ಯಿಕೆಯರಲ್ಲಿ ಶಾಸ್ತ್ರಾಭ್ಯಾಸ ಮಾಡಿದವಳು. ಅವರವರ ಸುಖದುಃಖಗಳಿಗೆ ಅವರವರ ಕರ್ಮವೇ ಕಾರಣವೆಂದು ವಿನಯದಿಂದಲೇ ನುಡಿದಳು. ಅರಸನ ಅಭಿಮಾನಕ್ಕೆ ಪೆಟ್ಟಾಯಿತು. ಹಾಗಾದರೆ ಆ ಕರ್ಮವನ್ನೇ ನೋಡೋಣವೆಂದು, ಕುಷ್ಠರೋಗಿಗಳ ಗುಂಪಿನೊಡನೆ ಊರೂರು ಅಲೆಯುತ್ತಿದ್ದ ಶ್ರೀಪಾಲನಿಗೆ ಮಗಳನ್ನು ಮದುವೆ ಮಾಡಿಕೊಟ್ಟನು. ಶ್ರೀಪಾಲನು ಚಂಪಾಪುರದ ಅರಸುಮಗನಾದರೂ ರೋಗದ ದೆಸೆಯಿಂದ ರಾಜ್ಯವನ್ನು ಬಿಟ್ಟು ಬಂದವನು. ಆಸ್ಥಾನವೆಲ್ಲ ಕಣ್ಣೀರಿಟ್ಟಿತು, ಮೈನಾಸುಂದರಿ ಅಳಲಿಲ್ಲ. ಗಂಡನ ಹುಣ್ಣುಗಳನ್ನು ತೊಳೆದಳು, ಪಥ್ಯವನ್ನು ನೋಡಿಕೊಂಡಳು, ಮುನಿಗಳಲ್ಲಿಗೆ ಹೋಗಿ ದಾರಿ ಕೇಳಿದಳು. ಅವರ ಉಪದೇಶದಂತೆ ಅಷ್ಟಾಹ್ನಿಕ ಪರ್ವದಲ್ಲಿ ಎಂಟು ದಿನ ಸಿದ್ಧಚಕ್ರದ ಆರಾಧನೆಯನ್ನು ನಡೆಸಿ, ಗಂಧೋದಕವನ್ನು ಗಂಡನ ಮೈಗೂ ಅವನೊಡನಿದ್ದ ರೋಗಿಗಳ ಮೈಗೂ ಸಿಂಪಡಿಸಿದಳು. ಅವರ ರೋಗ ನೀಗಿತು. ಆಷಾಢ, ಕಾರ್ತಿಕ, ಫಾಲ್ಗುಣ ಮಾಸಗಳ ಶುಕ್ಲಪಕ್ಷದ ಅಷ್ಟಮಿಯಿಂದ ಹುಣ್ಣಿಮೆಯವರೆಗೆ ಬಸದಿಗಳಲ್ಲಿ ಅಷ್ಟಾಹ್ನಿಕ ನಡೆಯುವಾಗ ಇಂದಿಗೂ ಈ ಕಥೆಯನ್ನು ನೆನೆಯುವುದುಂಟು.

ಕಥೆಯನ್ನು ಕೇಳಿದವರು ಸಾಮಾನ್ಯವಾಗಿ ಕೊನೆಯ ಪವಾಡವನ್ನು ಹಿಡಿದುಕೊಳ್ಳುತ್ತಾರೆ. ಆದರೆ ಧರ್ಮದ ಸಾರ ಇರುವುದು ನಡುವಿನ ದಿನಗಳಲ್ಲಿ. “ಅವರವರ ಕರ್ಮ” ಎಂದವಳು ಕೈಕಟ್ಟಿ ಕೂರಲಿಲ್ಲ. ಕರ್ಮವನ್ನು ನಂಬಿದ್ದರಿಂದಲೇ ಆಕೆ ಎದ್ದು ಕೆಲಸಕ್ಕೆ ತೊಡಗಿದಳು. ನಿನ್ನೆಯ ಕರ್ಮ ಹೇಗೆ ತನ್ನದೋ ಇಂದಿನ ಭಾವವೂ ಹಾಗೆಯೇ ತನ್ನದು. ಆ ಭಾವವನ್ನು ತಂದೆಯಾಗಲಿ ರೋಗವಾಗಲಿ ಕಸಿದುಕೊಳ್ಳಲಾರದು ಎಂಬುದು ಆಕೆಯ ನಿಶ್ಚಯ. ಜಗಲಿಯ ಮೇಲಿನವರಿಗೆ ಅದು ಮುಗಿದುಹೋದ ಲೆಕ್ಕ. ಮೈನಾಸುಂದರಿಗೆ ಅದು ಇನ್ನೂ ಬರೆಯುತ್ತಿರುವ ಲೆಕ್ಕ.

ಇವೆರಡರಲ್ಲಿ ಆಗಮಕ್ಕೆ ಸಮ್ಮತವಾದುದು ಯಾವುದು? ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ‘ಗೊಮ್ಮಟಸಾರ’ದ ಕರ್ಮಕಾಂಡದಲ್ಲಿ ಕರ್ಮದ ಹತ್ತು ಕರಣಗಳನ್ನು ವಿವರಿಸಿದ್ದಾರೆ. ಕಟ್ಟಿದ ಕರ್ಮವು ಕಟ್ಟಿದಂತೆಯೇ ಉಣ್ಣಬೇಕಾದ ಬುತ್ತಿಯಲ್ಲ. ಅದರ ಕಾಲಾವಧಿಯೂ ತೀವ್ರತೆಯೂ ಕುಗ್ಗುವುದುಂಟು, ಅದು ಅಪಕರ್ಷಣ. ಒಂದು ಪ್ರಕೃತಿಯು ತನ್ನ ಜಾತಿಯ ಇನ್ನೊಂದು ಪ್ರಕೃತಿಯಾಗಿ ಮಾರ್ಪಡುವುದುಂಟು, ಅದು ಸಂಕ್ರಮಣ. ದುಃಖವನ್ನು ಕೊಡಬೇಕಾಗಿದ್ದ ಅಸಾತಾವೇದನೀಯವು ಸಾತಾವೇದನೀಯವಾಗಿ ತಿರುಗುವುದು ಈ ಮಾರ್ಗದಿಂದಲೇ. ಅಂಥ ಮಾರ್ಪಾಟಿಗೆ ಜೀವನ ಪರಿಣಾಮವೇ, ಅಂದರೆ ಭಾವವೇ ಕಾರಣ. ನಿಕಾಚಿತವೆಂಬ ಕರ್ಮವೊಂದು ಮಾತ್ರ ಹೀಗೆ ಬದಲಾಗದು.

ಇಲ್ಲಿ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಹಾಸಿಗೆ ಹಿಡಿದವನಿಗೆ ಉದಯಕ್ಕೆ ಬಂದಿರುವ ಕರ್ಮವು ಬದಲಾಗತಕ್ಕದ್ದೋ, ನಿಕಾಚಿತವೋ? ಅದನ್ನು ಕಂಡು ಹೇಳುವುದು ಜಗಲಿಯ ಮೇಲೆ ಕುಳಿತ ಗೃಹಸ್ಥನ ಜ್ಞಾನಕ್ಕೆ ನಿಲುಕುವ ವಿಷಯವಲ್ಲ. ತಿಳಿಯದವನಿಗೆ “ಇನ್ನೇನೂ ಆಗದು” ಎಂದು ತೀರ್ಪು ಕೊಡುವ ಅಧಿಕಾರವಿಲ್ಲ. ಪ್ರಯತ್ನ ಮಾಡುವುದೊಂದೇ ಅವನಿಗೆ ಉಳಿದಿರುವ ಧರ್ಮ. ಜೈನನ ಆಶಾವಾದಕ್ಕೆ ಆಧಾರ ಇದು. ಒಳ್ಳೆಯದೇ ಆಗುತ್ತದೆಂಬ ಭ್ರಮೆ ಇದರಲ್ಲಿಲ್ಲ. ಆಗದೆಂದು ಹೇಳಲು ತಾನು ಯಾರೆಂಬ ವಿನಯವಿದೆ.

ಆಶಾವಾದವೆಂಬ ಮಾತಿನಲ್ಲಿಯೂ ಒಂದು ತೊಡಕುಂಟು. ಆಸೆಯನ್ನು ಬಿಡಬೇಕೆಂದು ಬೋಧಿಸುವ ಧರ್ಮದಲ್ಲಿ ಆಶಾವಾದಕ್ಕೆ ಎಡೆಯೆಲ್ಲಿ ಎಂದು ಕೆಲವರು ಕೇಳಬಹುದು. ಆಸೆ ಬೇರೆ, ಭರವಸೆ ಬೇರೆ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಆರ್ತಧ್ಯಾನವನ್ನು ನಾಲ್ಕು ಬಗೆಯಾಗಿ ಹೇಳಿದ್ದಾರೆ: ಬೇಡದುದು ಬಂದಿತೆಂಬ ಚಿಂತೆ, ಬೇಕಾದುದು ಹೋಯಿತೆಂಬ ಚಿಂತೆ, ನೋವಿನ ಚಿಂತೆ, ಮುಂದೆ ಭೋಗ ದೊರೆಯಲೆಂಬ ನಿದಾನ. ನನ್ನ ಮೈ ಮೊದಲಿನಂತೆಯೇ ಆಗಲೇಬೇಕು, ಆಗದಿದ್ದರೆ ಈ ವ್ರತವೇಕೆ ಎಂದು ಹಟ ಹಿಡಿಯುವುದು ಆಸೆ. ಅದು ನಿದಾನದ ಕಡೆಗೆ ಜಾರುತ್ತದೆ. ಇಂದು ಮಾಡತಕ್ಕದ್ದನ್ನು ಇಂದು ಮಾಡುವೆನು, ಅದು ವ್ಯರ್ಥವಾಗದು ಎಂದು ನಿಲ್ಲುವುದು ಭರವಸೆ. ಅದು ಸಮ್ಯಕ್ತ್ವದ ನೆರಳಿನಲ್ಲಿಯೇ ಇರುವಂಥದು. ನಿರಾಶೆಯಾದರೋ ಆರ್ತಧ್ಯಾನವೇ ಸರಿ. ಅದೇ ಗ್ರಂಥದ ಆರನೆಯ ಅಧ್ಯಾಯದಲ್ಲಿ ಅಸಾತಾವೇದನೀಯದ ಕಾರಣಗಳನ್ನು ಎಣಿಸುವಾಗ ದುಃಖ, ಶೋಕ, ತಾಪ, ಗೋಳಾಟ, ವಧೆ, ಕರುಳು ಕರಗುವಂತೆ ಪ್ರಲಾಪಿಸುವುದು ಇವನ್ನು ಹೇಳಿ, ತನ್ನಲ್ಲಿ ಉಂಟುಮಾಡಿಕೊಂಡರೂ ಪರರಲ್ಲಿ ಉಂಟುಮಾಡಿದರೂ ಫಲ ಅದೇ ಎಂದಿದ್ದಾರೆ. ರೋಗಿಯ ಎದೆಗೆ ಶೋಕವನ್ನು ತುಂಬಿ ಬಂದವರು ತಮಗೇ ಅಸಾತೆಯನ್ನು ಕಟ್ಟಿಕೊಂಡು ಬಂದಂತಾಯಿತು.

ಗೊಮ್ಮಟಸಾರದಲ್ಲಿ ಇನ್ನೂ ನೇರವಾದ ಮಾತಿದೆ. ಆಯುಷ್ಯವು ಅಕಾಲದಲ್ಲಿ ಕಡಿದುಹೋಗುವುದಕ್ಕೆ ಕದಲೀಘಾತವೆಂದು ಹೆಸರು. ಅದಕ್ಕೆ ಕಾರಣಗಳಾಗಿ ವಿಷ, ತೀವ್ರವೇದನೆ, ರಕ್ತಕ್ಷಯ, ಭಯ, ಶಸ್ತ್ರಘಾತ, ಸಂಕ್ಲೇಶ, ಉಸಿರಿನ ತಡೆ, ಆಹಾರದ ತಡೆ ಇವನ್ನು ಹೇಳಿದೆ. ವಿಷ ಶಸ್ತ್ರಗಳ ಸಾಲಿನಲ್ಲಿಯೇ ಭಯವೂ ಮನಸ್ಸಿನ ಸಂಕ್ಲೇಶವೂ ಕುಳಿತಿರುವುದನ್ನು ನೋಡಬೇಕು. ಭೋಗಿಸುತ್ತಿರುವ ಆಯುಷ್ಯವನ್ನು ಯಾರೂ ಬೆಳೆಸಲಾರರು; ಆದರೆ ಅದು ನಡುವೆ ಕಡಿಯದಂತೆ ಎಚ್ಚರ ವಹಿಸುವುದು ಸಾಧ್ಯ. ಆ ಎಚ್ಚರದಲ್ಲಿ ಮನಸ್ಸನ್ನು ಭಯದಿಂದ ಕಾಪಾಡುವುದೂ ಸೇರಿದೆ. ರೋಗಿಯ ಮನೆಗೆ ಹೋಗಿ ಯಾರು ಯಾರು ಅದೇ ರೋಗದಿಂದ ಸತ್ತರೆಂದು ವರದಿ ಒಪ್ಪಿಸುವವರು ಈ ಪಟ್ಟಿಯನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಇಂದಿನ ವೈದ್ಯಶಾಸ್ತ್ರವೂ ತನ್ನ ದಾರಿಯಲ್ಲಿ ಇದರ ಸಮೀಪಕ್ಕೆ ಬಂದಿದೆ. ಭಯ, ಚಿಂತೆಗಳು ಬಹುಕಾಲ ನೆಲೆಸಿದರೆ ಶರೀರದ ಗ್ರಂಥಿಗಳಿಂದ ಅಡ್ರಿನಲಿನ್, ಕಾರ್ಟಿಸಾಲ್ ಮುಂತಾದ ರಸಗಳು ಹೆಚ್ಚಾಗಿ ಸ್ರವಿಸುತ್ತವೆ. ರಕ್ತದ ಒತ್ತಡವೂ ಸಕ್ಕರೆಯೂ ಏರುತ್ತವೆ, ನಿದ್ರೆ ಕೆಡುತ್ತದೆ. 2019ರಲ್ಲಿ ಅಮೆರಿಕೆಯ ಬಾಸ್ಟನ್ ಮತ್ತು ಹಾರ್ವರ್ಡ್ ವಿಶ್ವವಿದ್ಯಾನಿಲಯಗಳಿಗೆ ಸೇರಿದ ಸಂಶೋಧಕರು ಒಂದು ಅಧ್ಯಯನವನ್ನು ಪ್ರಕಟಿಸಿದರು. 69,744 ಮಹಿಳೆಯರನ್ನು 10 ವರ್ಷಗಳ ಕಾಲ, 1,429 ಪುರುಷರನ್ನು 30 ವರ್ಷಗಳ ಕಾಲ ಗಮನಿಸಿದ ಆ ಅಧ್ಯಯನದಲ್ಲಿ, ಅತಿ ಹೆಚ್ಚಿನ ಆಶಾವಾದವುಳ್ಳವರ ಜೀವಿತವು ಅತಿ ಕಡಿಮೆ ಆಶಾವಾದವುಳ್ಳವರಿಗಿಂತ ಸರಾಸರಿ ಶೇಕಡಾ 11ರಿಂದ 15ರಷ್ಟು ದೀರ್ಘವಾಗಿರುವುದು ಕಂಡುಬಂದಿತು. ಭರವಸೆಯುಳ್ಳವನು ಔಷಧಿಯನ್ನು ಹೊತ್ತಿಗೆ ಸರಿಯಾಗಿ ಸೇವಿಸುತ್ತಾನೆ, ನಡೆದಾಡುತ್ತಾನೆ, ದುಶ್ಚಟಗಳಿಂದ ದೂರವಿರುತ್ತಾನೆ. ಅವನ ಆರೋಗ್ಯಕ್ಕೆ ಇದೂ ಒಂದು ಕಾರಣವಿರಬಹುದು.

ಆದರೆ ಇದನ್ನು ಅತಿಗೆ ಒಯ್ಯಬಾರದು. 2004ರಲ್ಲಿ ಆಸ್ಟ್ರೇಲಿಯದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಪೀಡಿತರ ಬಗ್ಗೆ ಪ್ರಕಟವಾದ ಅಧ್ಯಯನವೊಂದರಲ್ಲಿ, ಆಶಾವಾದಿಗಳಾದ ರೋಗಿಗಳು ಉಳಿದವರಿಗಿಂತ ಹೆಚ್ಚು ಕಾಲ ಬದುಕಿದರೆಂಬುದಕ್ಕೆ ಆಧಾರ ದೊರೆಯಲಿಲ್ಲ. ಮನಸ್ಸು ಗಟ್ಟಿಯಿದ್ದಿದ್ದರೆ ರೋಗ ವಾಸಿಯಾಗುತ್ತಿತ್ತು ಎಂದು ನೊಂದವನನ್ನೇ ದೂಷಿಸುವುದು, “ಅವರವರ ಕರ್ಮ” ಎಂಬ ಜಗಲಿಯ ಮಾತಿನ ಇನ್ನೊಂದು ರೂಪವಷ್ಟೆ. ಭರವಸೆಯು ಔಷಧಿಯ ಬದಲಿಗೆ ಬಂದುದಲ್ಲ. ಔಷಧಿಯನ್ನು ಕೈಗೆತ್ತಿಕೊಳ್ಳುವ ಬಲ ಅದು.

ಭರವಸೆಯೆಂದರೆ ಕಾಲಿಗೆ ಬರುವ ಬಲವೆಂಬುದಕ್ಕೆ ಈ ಸೀಮೆಯ ಪ್ರಾಚೀನ ಇತಿಹಾಸದಲ್ಲಿಯೇ ನಿದರ್ಶನವಿದೆ. ಉತ್ತರದಲ್ಲಿ ಹನ್ನೆರಡು ವರ್ಷಗಳ ಕ್ಷಾಮ ಬರಲಿದೆಯೆಂದು ಭದ್ರಬಾಹು ಶ್ರುತಕೇವಲಿಗಳು ತಿಳಿದಾಗ, ಮುನಿಸಂಘವು ಬಂದುದನ್ನು ಅನುಭವಿಸೋಣವೆಂದು ಅಲ್ಲಿಯೇ ಕುಳಿತುಕೊಳ್ಳಲಿಲ್ಲ. 10ನೆಯ ಶತಮಾನದ ಹರಿಷೇಣಾಚಾರ್ಯರ ‘ಬೃಹತ್ಕಥಾಕೋಶ’ವು, ಆ ಸಂಘವು ನಡೆದುಬಂದು ಸೇರಿದ್ದು ದಕ್ಷಿಣಾಪಥದ ಪುನ್ನಾಟ ವಿಷಯಕ್ಕೆ ಎಂದು ಹೇಳುತ್ತದೆ. ಪುನ್ನಾಟದ ರಾಜಧಾನಿಯಾಗಿದ್ದ ಕೀರ್ತಿಪುರವೇ ಹೆಗ್ಗಡದೇವನಕೋಟೆ ಸೀಮೆಯಲ್ಲಿ ಕಪಿಲಾ ತೀರದಲ್ಲಿರುವ ಕಿತ್ತೂರು ಎಂಬುದು ವಿದ್ವಾಂಸರ ನಿರ್ಣಯ. ಆ ನಾಡಿನ ಹೆಸರು ಹೊತ್ತ ಪುನ್ನಾಟ ಸಂಘದಲ್ಲಿ ಬಂದ ಜಿನಸೇನಾಚಾರ್ಯರು 783ರಲ್ಲಿ ‘ಹರಿವಂಶಪುರಾಣ’ವನ್ನು ಮುಗಿಸಿದರು. ಕರ್ಮಸಿದ್ಧಾಂತವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಶ್ರುತಕೇವಲಿಗಳ ಸಂಘವೇ ಆಪತ್ತು ಬರುವ ಮೊದಲು ಎದ್ದು ನಡೆಯಿತು. ಹೀಗಿರುವಾಗ, ಹತ್ತು ಮೈಲಿ ದೂರದ ಆಸ್ಪತ್ರೆಗೆ ರೋಗಿಯನ್ನು ಕರೆದೊಯ್ಯಲು ಗೃಹಸ್ಥನು ಕರ್ಮದ ನೆಪ ಹೇಳುವುದು ಯುಕ್ತವೇ?

ಸಮಂತಭದ್ರಾಚಾರ್ಯರ ಚರಿತ್ರೆ ಇದನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ಎಷ್ಟು ಉಂಡರೂ ಹಸಿವು ಹಿಂಗದ ಭಸ್ಮಕವ್ಯಾಧಿ ಅವರನ್ನು ಕಾಡಿತು. ಅದನ್ನು ಅವರು ಗೆದ್ದ ವಿಷಯವನ್ನು ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿ ಶಾಸನವೂ ಸ್ಮರಿಸಿದೆ. ದೇವಚಂದ್ರನ ‘ರಾಜಾವಳಿ ಕಥೆ’ಯಲ್ಲಿ ಬರುವಂತೆ, ನೋವು ತಾಳಲಾರದೆ ಅವರು ಸಲ್ಲೇಖನಕ್ಕೆ ಗುರುಗಳ ಅಪ್ಪಣೆ ಬೇಡಿದರು. ಗುರುಗಳು ಒಪ್ಪಲಿಲ್ಲ. ನಿಮ್ಮಿಂದ ಧರ್ಮಕ್ಕೆ ಇನ್ನೂ ಮಹತ್ಕಾರ್ಯ ಆಗಬೇಕಾಗಿದೆ, ಹೇಗಾದರೂ ರೋಗವನ್ನು ಕಳೆದುಕೊಂಡು ಮರಳಿ ದೀಕ್ಷೆ ಪಡೆಯಿರಿ ಎಂದು ಕಳುಹಿಸಿದರು. ಮುನಿಗಳು ವೇಷವನ್ನು ಬಿಟ್ಟು, ಬೇರೆ ಮತದ ದೇಗುಲದ ನೈವೇದ್ಯವನ್ನು ಉಂಡು, ರೋಗವನ್ನು ಶಮನ ಮಾಡಿಕೊಂಡು, ಮತ್ತೆ ಪಿಂಛಿಯನ್ನು ಹಿಡಿದರು. ಇಂದು ಮನೆಮನೆಗಳಲ್ಲಿ ಓದುವ ಸ್ವಯಂಭೂಸ್ತೋತ್ರವೂ ರತ್ನಕರಂಡಕ ಶ್ರಾವಕಾಚಾರವೂ ಅವರ ಕೊಡುಗೆ. ಆ ಶ್ರಾವಕಾಚಾರದಲ್ಲಿ ಸಲ್ಲೇಖನದ ಲಕ್ಷಣವನ್ನು ಹೇಳುವಾಗ, ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವು ಪ್ರತೀಕಾರವಿಲ್ಲದವಾಗಿದ್ದಾಗ ಮಾತ್ರ ಎಂಬ ಕಟ್ಟಳೆಯನ್ನು ಅವರು ಇಟ್ಟಿದ್ದಾರೆ. ಆದುದರಿಂದ ಪ್ರತೀಕಾರವಿದೆಯೇ ಎಂದು ಹುಡುಕುವುದೇ ಮೊದಲ ಕರ್ತವ್ಯ. ಹುಡುಕುವವನಿಗೆ ಭರವಸೆ ಬೇಕು.

ಇನ್ನು ವ್ರತೋಪವಾಸಗಳ ವಿಚಾರ. ಭರವಸೆಯೆಂಬುದು ಇಲ್ಲಿ ಕೆಲವೊಮ್ಮೆ ಅತಿರೇಕದ ರೂಪವನ್ನು ತಾಳುತ್ತದೆ. ಸಾಲಿಗ್ರಾಮದಂಥ ಊರಿನ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಹಿರಿಯಾಕೆಗೆ ಎಪ್ಪತ್ತು ವರ್ಷ. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಭಾದ್ರಪದ ಶುಕ್ಲ ಪಂಚಮಿಗೆ ದಶಲಕ್ಷಣ ಪರ್ವ ತೊಡಗುತ್ತದೆ. “ಹರೆಯದಲ್ಲಿ ಹತ್ತು ದಿನವೂ ಉಪವಾಸ ಮಾಡಿದವಳು ನಾನು. ಭಗವಂತನ ಮೇಲೆ ಭಾರ ಹಾಕಿದ್ದೇನೆ, ಏನೂ ಆಗದು” ಎಂದು ಆಕೆಯ ಹಟ. “ಹಾಗಲ್ಲ ಅತ್ತೆ, ಮಾತ್ರೆ ನುಂಗಿ ಊಟ ಬಿಟ್ಟರೆ ತಲೆ ಸುತ್ತಿ ಬೀಳುತ್ತೀರಿ” ಎಂದು ಸೊಸೆಯ ಆತಂಕ. ಸೊಸೆಗೆ ಧರ್ಮಶ್ರದ್ಧೆಯಿಲ್ಲವೆಂದು ಅತ್ತೆಗೆ ಮನಸ್ತಾಪ. ಅತ್ತೆಯ ಜೀವಕ್ಕೆ ಅಪಾಯವೆಂದು ಸೊಸೆಗೆ ಕಣ್ಣೀರು. ಪರ್ವದ ಮೊದಲ ದಿನ ಉತ್ತಮಕ್ಷಮೆಯನ್ನು ಆಚರಿಸಬೇಕಾದ ಮನೆಯಲ್ಲಿ ಅಂದೇ ಮುನಿಸು ತುಂಬುತ್ತದೆ.

ಈ ಮನೆಗೆ ಆಗಮ ಹೇಳುವುದೇನು? ತೀರ್ಥಂಕರ ನಾಮಕರ್ಮಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತಪಸ್ಸೂ ತ್ಯಾಗವೂ ಇವೆ; ಆದರೆ ಎರಡಕ್ಕೂ “ಶಕ್ತಿತಃ” ಎಂಬ ಮಾತು ಅಂಟಿಕೊಂಡಿದೆ. ಶಕ್ತಿಯಿದ್ದಷ್ಟು, ಶಕ್ತಿಯನ್ನು ಬಚ್ಚಿಡದೆ, ಶಕ್ತಿಯನ್ನು ಮೀರದೆ ಎಂಬುದು ಅದರ ತಾತ್ಪರ್ಯ. ಬಾಹ್ಯತಪಸ್ಸು ಆರು ಬಗೆ: ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ವಿವಿಕ್ತ ಶಯ್ಯಾಸನ, ಕಾಯಕ್ಲೇಶ. ಪೂರ್ಣ ಉಪವಾಸ ಇವುಗಳಲ್ಲಿ ಒಂದು ಮಾತ್ರ. ಹೊಟ್ಟೆ ತುಂಬುವುದಕ್ಕೆ ಮೊದಲೇ ಕೈತೊಳೆಯುವುದು ಅವಮೌದರ್ಯ. ತುಪ್ಪ, ಹಾಲು, ಮೊಸರು, ಬೆಲ್ಲ, ಎಣ್ಣೆ, ಉಪ್ಪುಗಳಲ್ಲಿ ಒಂದನ್ನೋ ಎರಡನ್ನೋ ಬಿಡುವುದು ರಸಪರಿತ್ಯಾಗ. ಬೆಲ್ಲವನ್ನು ಬಿಡುವ ವ್ರತ ಸಕ್ಕರೆ ಕಾಯಿಲೆಯವರಿಗೆ ತಪಸ್ಸೂ ಹೌದು, ಪಥ್ಯವೂ ಹೌದು. ಸ್ವಾಧ್ಯಾಯ, ವಿನಯ, ವೈಯಾವೃತ್ತ್ಯ, ಧ್ಯಾನ ಮೊದಲಾದ ಆರು ಅಂತರಂಗ ತಪಸ್ಸುಗಳ ಬಾಗಿಲಂತೂ ಯಾವ ರೋಗಿಗೂ ಮುಚ್ಚಿಲ್ಲ.

ವೈದ್ಯರು ಹೇಳುವ ಕಾರಣವನ್ನೂ ತಿಳಿದಿರಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ಸೇವಿಸಿ ಊಟ ಬಿಟ್ಟರೆ ರಕ್ತದ ಸಕ್ಕರೆ ಒಮ್ಮೆಗೇ ಕುಸಿದು ಬೆವರು, ನಡುಕ, ಮಂಕು ಕವಿಯುತ್ತವೆ. ಎಚ್ಚರ ತಪ್ಪಿ ಪ್ರಾಣಾಪಾಯವೂ ಆಗಬಹುದು. ಉಪವಾಸದ ನೆಪದಿಂದ ಔಷಧಿಯನ್ನು ತಾವಾಗಿಯೇ ನಿಲ್ಲಿಸಿದರೆ ಸಕ್ಕರೆ ಏರಿ ಬೇರೆ ಅಪಾಯ ಬರುತ್ತದೆ. ಮೂತ್ರಪಿಂಡದ ತೊಂದರೆಯಿರುವ ಮುದುಕರು ನೀರನ್ನೂ ಬಿಡುವುದು ಇನ್ನೂ ಕಷ್ಟ. ಕದಲೀಘಾತದ ಕಾರಣಗಳಲ್ಲಿ ಆಹಾರದ ತಡೆಯೂ ಸೇರಿದೆಯೆಂಬುದನ್ನು ಇಲ್ಲಿ ನೆನೆಯತಕ್ಕದ್ದು. ಆದುದರಿಂದ ಪರ್ವಕ್ಕೆ ಹದಿನೈದು ದಿನ ಮೊದಲೇ ವೈದ್ಯರನ್ನು ಕಂಡು, ತಾವು ರಾತ್ರಿಭೋಜನ ಮಾಡುವವರಲ್ಲ, ಪರ್ವದಿನಗಳಲ್ಲಿ ಇಂತಿಷ್ಟು ನಿಯಮವನ್ನು ಪಾಲಿಸುವವರು ಎಂದು ಸಂಕೋಚವಿಲ್ಲದೆ ತಿಳಿಸಬೇಕು. ಔಷಧಿಯ ಹೊತ್ತನ್ನೂ ಪ್ರಮಾಣವನ್ನೂ ಹೊಂದಿಸುವುದು, ಏಕಭುಕ್ತ ಸಾಧ್ಯವೇ ಎಂದು ಹೇಳುವುದು ಅವರ ಕೆಲಸ. ಅವರು ಬೇಡವೆಂದರೆ ಆ ವರ್ಷ ಬೇರೆ ನಿಯಮವನ್ನು ಹಿಡಿಯಬೇಕು. ಹಿರಿಯಾಕೆ ಬಸದಿಯಲ್ಲಿ ಕುಳಿತು ಹತ್ತು ಧರ್ಮಗಳ ಪ್ರವಚನವನ್ನು ಹತ್ತು ದಿನ ಕೇಳಿ, ಸೊಸೆಯೊಡನೆ ಒಂದು ಕಟುಮಾತನ್ನೂ ಆಡದೆ ಕಳೆದರೆ, ಆ ವ್ರತ ಅನಶನಕ್ಕಿಂತ ಕಡಿಮೆಯದೆಂದು ಯಾರು ಹೇಳಬಲ್ಲರು? ಕಲ್ಲಹಳ್ಳಿಯ ಕವಿಯು ಶ್ರೀಪಾಲನ ವ್ರತವನ್ನೂ ಅಡುಗೆಮನೆಯ ಕ್ರಮವನ್ನೂ ಬಿಡದೆ ಬರೆದನೆಂಬುದನ್ನು ಇಂಥ ಮನೆಯವರು ನೆನೆಯಬಹುದು.

ರೋಗಿಯ ಸುತ್ತ ಇರುವವರ ಭರವಸೆಯೂ ರೋಗಿಯದಷ್ಟೇ ಮುಖ್ಯ. ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ಮೂರನೆಯದು ನಿರ್ವಿಚಿಕಿತ್ಸೆ. ಶರೀರ ಸ್ವಭಾವತಃ ಅಶುಚಿ. ಅದರ ಹೊಲಸನ್ನು ಕಂಡು ಅಸಹ್ಯಪಡದೆ ಒಳಗಿನ ಗುಣವನ್ನು ಗೌರವಿಸುವುದು ಅದರ ಲಕ್ಷಣ. ರೋಗಿಷ್ಠ ಮುನಿಯ ರೂಪದಲ್ಲಿ ದೇವನೊಬ್ಬನು ಪರೀಕ್ಷಿಸಲು ಬಂದು ಮೈಮೇಲೆ ವಾಂತಿ ಮಾಡಿಕೊಂಡರೂ ಬೇಸರಿಸದೆ, ತನ್ನ ಆಹಾರದಲ್ಲಿಯೇ ದೋಷವಿದ್ದಿರಬೇಕೆಂದು ಮರುಗಿ ಸೇವೆ ಮಾಡಿದ ಉದ್ದಾಯನ ರಾಜನು ಈ ಅಂಗಕ್ಕೆ ದೃಷ್ಟಾಂತ. ಮೈನಾಸುಂದರಿಯಲ್ಲಿಯೂ ಇದೇ ಗುಣವಿತ್ತು. ಶ್ರೀಪಾಲನನ್ನು ಊರು ಬಿಡಿಸಿದ ಕುಷ್ಠರೋಗದ ಸ್ಥಿತಿ ಇಂದು ಎಷ್ಟು ಬದಲಾಗಿದೆಯೆಂಬುದನ್ನೂ ತಿಳಿಯಬೇಕು. ಅದು ಒಂದು ಸೂಕ್ಷ್ಮಾಣುವಿನಿಂದ ಬರುವುದೆಂದು ನಾರ್ವೆ ದೇಶದ ಹ್ಯಾನ್ಸನ್ ಎಂಬ ವೈದ್ಯರು 1873ರಲ್ಲಿ ಕಂಡುಹಿಡಿದರು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹಲವು ಔಷಧಿಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುವ ಆ ಔಷಧಿಗಳಿಂದ, ರೋಗದ ಬಗೆಯನ್ನನುಸರಿಸಿ 6 ಅಥವಾ 12 ತಿಂಗಳಲ್ಲಿ ಅದು ಗುಣವಾಗುತ್ತದೆ. ಪೂರ್ವಜನ್ಮದ ಪಾಪವೆಂದು ಅದನ್ನು ಬಚ್ಚಿಟ್ಟು, ಮೊದಲ ಮಚ್ಚೆ ಕಂಡಾಗ ಆಸ್ಪತ್ರೆಗೆ ಹೋಗದೆ ಬೆರಳುಗಳನ್ನು ಕಳೆದುಕೊಂಡವರು ಎಷ್ಟೋ ಮಂದಿ. ಅವರನ್ನು ಕೆಡಿಸಿದ್ದು ರೋಗಕ್ಕಿಂತ ಹೆಚ್ಚಾಗಿ ನಿರಾಶೆ ಮತ್ತು ನಾಚಿಕೆ.

ಈ ಕಾರಣದಿಂದಲೇ ಪೂರ್ವಿಕರು ಆಹಾರ, ಅಭಯ, ಶಾಸ್ತ್ರಗಳ ಜೊತೆಗೆ ಔಷಧದಾನವನ್ನೂ ಸೇರಿಸಿ ಚತುರ್ವಿಧ ದಾನವೆಂದರು. ಕೃಷ್ಣರಾಜನಗರ ಸೀಮೆಯ ಚಿಕ್ಕಹನಸೋಗೆಯ ಆದಿನಾಥ ಬಸದಿಯ ಮುಂದೆ ನಿಂತವರಿಗೆ, ಆ ಊರಿನ ಹೆಸರಿನಿಂದಲೇ ಕರೆಸಿಕೊಂಡ ಹನಸೋಗೆ ಬಳಿಯ ಮುನಿಪರಂಪರೆಯೂ, ಅದನ್ನು ಪೊರೆದ ಚಂಗಾಳ್ವರ ಕಾಲವೂ ನೆನಪಿಗೆ ಬರುತ್ತವೆ. ಅಂದಿನ ದಾನದತ್ತಿಗಳು ಇಂದು ಉಳಿದಿಲ್ಲ; ದಾನದ ವಿಧಿ ಉಳಿದಿದೆ. ಒಬ್ಬ ಬಡ ರೋಗಿಯ ಒಂದು ತಿಂಗಳ ಔಷಧಿಯ ವೆಚ್ಚವನ್ನು ವಹಿಸಿಕೊಳ್ಳುವುದು ಔಷಧದಾನ. “ಹೆದರಬೇಡ, ನಾವಿದ್ದೇವೆ” ಎಂದು ಆಸ್ಪತ್ರೆಯ ಬಾಗಿಲವರೆಗೆ ಜೊತೆಗೆ ನಡೆಯುವುದು ಅಭಯದಾನ. ಭಯವು ಆಯುಷ್ಯವನ್ನು ಕತ್ತರಿಸುವುದಾದರೆ, ಅಭಯದಾನವು ಆ ಕತ್ತರಿಯನ್ನು ತಡೆಯುವ ಕೈ.

ಎಲ್ಲವನ್ನೂ ಮಾಡಿದ ಮೇಲೂ ರೋಗ ಗುಣವಾಗದೆ ಇರುವುದುಂಟು. ಆಗ ಭರವಸೆ ಸೋತಿತೆಂದು ಹೇಳಬೇಕೇ? ಸನತ್ಕುಮಾರ ಚಕ್ರವರ್ತಿಯ ಕಥೆ ಇದಕ್ಕೆ ಉತ್ತರ ಕೊಡುತ್ತದೆ. ಅಪ್ರತಿಮ ರೂಪವಂತನಾಗಿದ್ದ ಆತನು ರೂಪದ ಅನಿತ್ಯತೆಯನ್ನು ಅರಿತು ಮುನಿಯಾದನು. ಅನಂತರ ಅನೇಕ ರೋಗಗಳು ಮೈಯನ್ನು ಮುತ್ತಿದುವು. ವೈದ್ಯನ ವೇಷದಿಂದ ಬಂದ ದೇವನು ಗುಣಪಡಿಸುತ್ತೇನೆಂದಾಗ, ಜನ್ಮಮರಣಗಳ ರೋಗಕ್ಕೆ ನಿನ್ನಲ್ಲಿ ಮದ್ದಿದೆಯೇ ಎಂದು ಮುನಿಯು ಶಾಂತನಾಗಿ ಕೇಳಿದನು. ಅದು ಮಹಾಮುನಿಯ ಮಾತು. ಗೃಹಸ್ಥನು ಔಷಧಿಯನ್ನು ತಳ್ಳುವುದಕ್ಕೆ ಅದನ್ನು ನೆಪವಾಗಿಸಬಾರದು. ಆದರೆ ಶರೀರ ಗುಣವಾಗದಿದ್ದಾಗಲೂ ಆತ್ಮವು ರೋಗಿಯಾಗಬೇಕಾಗಿಲ್ಲ ಎಂಬ ಅಭಯ ಅದರಲ್ಲಿ ಎಲ್ಲರಿಗೂ ಇದೆ.

ಹುಣಸೂರು ತಾಲ್ಲೂಕಿನ ಬಿಳಿಕೆರೆಯ ಕಡೆಯಲ್ಲಿರುವ ಗೊಮ್ಮಟಗಿರಿಯನ್ನು ಈ ಸೀಮೆಯ ಶ್ರಾವಕರೆಲ್ಲರೂ ಹತ್ತಿದವರೇ. ಅಲ್ಲಿ ನಿಂತಿರುವ ಬಾಹುಬಲಿ ಸ್ವಾಮಿಯ ಮುಖದ ಮಂದಹಾಸವನ್ನು ನೋಡಿ ಬಂದವರೇ. ಪಿರಿಯಾಪಟ್ಟಣದ ದೊಡ್ಡಯ್ಯನು 1550ರ ಸುಮಾರಿಗೆ ಸಂಸ್ಕೃತದಲ್ಲಿ ‘ಭುಜಬಲಿ ಶತಕ’ವನ್ನು ಬರೆದದ್ದು ಈ ಸ್ವಾಮಿಯ ಭಕ್ತಿಯಿಂದಲೇ. ಒಂದು ವರ್ಷ ಬಳ್ಳಿ ಹಬ್ಬಿ ಹುತ್ತ ಬೆಳೆದರೂ ಆ ಶರೀರ ಅಲುಗಲಿಲ್ಲ. ಆದರೂ ಕೈವಲ್ಯಕ್ಕೆ ತಡವಾಯಿತು. ತನ್ನಿಂದ ಭರತನಿಗೆ ಕ್ಲೇಶವಾಯಿತೆಂಬ ಸೂಕ್ಷ್ಮಭಾವವೊಂದು ಹೃದಯದಲ್ಲಿ ಉಳಿದಿತ್ತೆಂದು ಮಹಾಪುರಾಣ ಹೇಳುತ್ತದೆ. ಭರತನು ಬಂದು ಪೂಜಿಸಿದಾಗ ಅದು ಕರಗಿತು, ಕೇವಲಜ್ಞಾನ ಉದಯಿಸಿತು. ಅಂಥ ವಜ್ರಕಾಯನಿಗೇ ಮನಸ್ಸಿನ ಒಂದು ಮುಳ್ಳು ಅಡ್ಡಿಯಾಯಿತೆಂದ ಮೇಲೆ ಹಾಸಿಗೆಯಲ್ಲಿರುವ ಸಾಮಾನ್ಯನ ಪಾಡೇನು! ಅವನ ಮುಳ್ಳನ್ನು ತೆಗೆಯಲು ಸಹ ಒಬ್ಬ ಭರತ ಮನೆಬಾಗಿಲಿಗೆ ಬರಬೇಕು. ಬಹುಕಾಲ ಮಾತು ಬಿಟ್ಟ ಅಣ್ಣನೋ, ಜಗಳವಾಡಿದ ನೆರೆಯವನೋ ಬಂದು ಕುಳಿತು ಕ್ಷಮೆ ಕೇಳಿದರೆ, ಆ ರೋಗಿಗೆ ಆ ರಾತ್ರಿ ನಿದ್ರೆ ಬರುತ್ತದೆ. ಮೈಯ ರೋಗ ಉಳಿದಿದ್ದರೂ ಮನಸ್ಸು ಗುಣವಾಗಿರುತ್ತದೆ.

ಆದಕಾರಣ ಇನ್ನು ಮುಂದೆ ರೋಗಿಯ ಮನೆಯಿಂದ ಹೊರಬರುವಾಗ ಶ್ರಾವಕನು ಜಗಲಿಯ ಮೇಲೆ ಒಂದು ಕ್ಷಣ ನಿಂತು ಯೋಚಿಸಲಿ. “ಅವರವರ ಕರ್ಮ” ಎಂಬ ಮಾತು ಸುಳ್ಳಲ್ಲ. ಆದರೆ ರೋಗಿಯನ್ನು ನೋಡಿ ಬಂದ ತಾನು ಈಗ ಮಾಡುವುದೂ ಮಾಡದೆ ಬಿಡುವುದೂ ತನ್ನ ಕರ್ಮವೇ. ಆ ಮಾತನ್ನು ಮೈನಾಸುಂದರಿಯ ಅರ್ಥದಲ್ಲಿ ಆಡಬಲ್ಲವನು ಮೆಟ್ಟಿಲಿಳಿಯದೆ ಮತ್ತೆ ಒಳಗೆ ಹೋಗಿ, “ನಾಳೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಆಸ್ಪತ್ರೆಗೆ ಹೊರಡೋಣ?” ಎಂದು ಕೇಳುತ್ತಾನೆ. ಅಂಥವರು ಪ್ರತಿಯೊಂದು ಊರಿನಲ್ಲಿಯೂ ಹೆಚ್ಚಲಿ. ರೋಗಿಗಳಿಗೆ ಆರೋಗ್ಯವೂ, ಆರೋಗ್ಯ ದೊರೆಯದವರಿಗೆ ಸಮಾಧಿಭಾವವೂ, ಸೇವೆ ಮಾಡುವವರಿಗೆ ಸಮ್ಯಕ್ತ್ವವೂ ಲಭಿಸಲಿ. ಸರ್ವಜೀವರಿಗೂ ಮಂಗಳವಾಗಲಿ.